ಎರಡು ಪದ ಮುಗಿಯೋದ್ರೊಳಗ ಕೂಸಿನ ಜಳಕ

“ನಿಮ್ಮ ಡಾಕ್ಟರ್ ಬಾಯಿ ಎಷ್ಟ ಕೂಸಿಗಿ ನೀರ ಎರದಾಳ? ಕೇಳ್ಕೊಂಡ್ ಬಾ ಹೋಗು!”

ಇಷ್ಟು ಹೇಳಿ ಆಯಿ ಬಚ್ಚಲಿನಿಂದ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಬಿಸಿನೀರಿನ ಕೊಡ ಹಿಡಿದುಕೊಂಡು ನಿಂತಿದ್ದೆ. ಅಕ್ಕನ ಕಣ್ಣು ತುಂಬಿತ್ತು. ಅವಳ ತೊಡೆಯ ಮೇಲೆ ಐದು ತಿಂಗಳ ಕೂಸು, ಏನೂ ಗೊತ್ತಿಲ್ಲದೆ ತನ್ನ ಕೆನ್ನೆಯನ್ನು ತಾನೇ ಕೆರೆದುಕೊಳ್ಳುತ್ತಿತ್ತು.

ಅದು ನಾವು ಕಲಬುರಗಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದ ಮರುದಿನ. ನಮ್ಮನೆಯಲ್ಲಿ ಎರಡು ತಿಂಗಳಿಂದ ಒಂದೇ ಪ್ರಶ್ನೆಗೆ ಜಗಳ ನಡೆದಿತ್ತು. ಕೂಸಿಗೆ ಎಷ್ಟು ಸಲ ನೀರು ಎರೆಯಬೇಕು? ಆಯಿಯ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ. ಅಕ್ಕ ಮೊಬೈಲಿನಲ್ಲಿ ನೋಡಿ ಹೇಳಿದ್ದು ವಾರಕ್ಕೆ ಮೂರು ಸಲ. ಅಕ್ಕನ ಅತ್ತೆ ಸೇಡಂನಿಂದ ಫೋನ್ ಮಾಡಿ, “ಗಾಯ ಒಣಗೋ ತನಕ ನೀರೇ ಮುಟ್ಟಸಬ್ಯಾಡ್ರಿ” ಅಂದಿದ್ದರು. ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ, ಕೆಮಿಸ್ಟ್ರಿ ಓದುವವನು. ನನ್ನ ಹತ್ತಿರವೂ ಒಂದು ಸಿದ್ಧಾಂತ ಇತ್ತು. ಅದು ಅರ್ಧ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಹುಡುಗನಿಗೆ ಕೂಸಿನ ಸ್ನಾನದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮ್ಮ ಕಡೆ ಸೋದರಮಾವನ ಕೆಲಸ ಜವಳದ ದಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಅಷ್ಟೇ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ರಾತ್ರಿ ಎರಡು ಗಂಟೆಗೆ ಕೂಸು ಮೈ ಕೆರೆದುಕೊಂಡು ಅಳುವಾಗ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಸೋದರಮಾವನಿಗೂ.

ಆಯಿಯ ಬಚ್ಚಲು

ನಮ್ಮದು ಚಿತ್ತಾಪುರ ತಾಲ್ಲೂಕಿನ ಸನ್ನತಿ. ಭೀಮಾ ನದಿಯ ದಂಡೆಯ ಮೇಲಿರುವ ಚಂದ್ರಲಾಂಬೆಯ ಊರು. ನಮ್ಮ ಓಣಿಯ ಅರ್ಧ ಮಂದಿಗೆ ಹುಟ್ಟಿದಾಗ ನೀರು ಎರೆದವಳು ನಮ್ಮ ಆಯಿ. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಬೆಳಗ್ಗೆ ಒಬ್ಬ ಹುಡುಗ ಓಡಿ ಬಂದು, “ಆಯಿ, ಅವ್ವ ಕರೀಲತ್ತಾಳ” ಅನ್ನುತ್ತಿದ್ದ. ಅದಕ್ಕೆ ಅವಳು ಒಂದು ಪೈಸೆ ತೆಗೆದುಕೊಂಡಿಲ್ಲ. ಕುಬಸದ ಕಣ, ಒಂದಿಷ್ಟು ಕೊಬ್ಬರಿ, ಅಷ್ಟೇ.

ಆಯಿ ನೀರು ಎರೆಯುವುದನ್ನು ನೋಡಬೇಕು. ಫರಸಿಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಳ್ಳುತ್ತಾಳೆ. ಮೊದಲು ಎಣ್ಣೆ. ನೆತ್ತಿಗೆ ಔಡಲ ಎಣ್ಣೆ, ಮೈಗೆ ಕುಸುಬಿ ಎಣ್ಣೆ ಇಲ್ಲವೇ ಕೊಬ್ಬರಿ ಎಣ್ಣೆ. ಕೈಕಾಲು ಎಳೆದು, ಬೆನ್ನು ತಿಕ್ಕಿ, ಆಮೇಲೆ ಹಂಡೆಯ ಸುಡುಸುಡು ನೀರು. ಎಣ್ಣೆ ಹೋಗಲು ಕಡ್ಲಿ ಹಿಟ್ಟು, ಅದರ ಮೇಲೆ ಸಾಬೂನು. ಕೂಸಿನ ಮೈ ಕೆಂಪಗಾದರೆ ಜಳಕ ಚೆನ್ನಾಗಿ ಆಯಿತು ಅಂತ ಅರ್ಥ. ಕೊನೆಗೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ. ಆಮೇಲೆ ಕೂಸು ಮೂರು ತಾಸು ಎಚ್ಚರವೇ ಆಗುತ್ತಿರಲಿಲ್ಲ. ನಾನೂ, ಅಕ್ಕನೂ, ನಮ್ಮ ಅವ್ವನೂ ಇದೇ ಕಾಲ ಮೇಲೆ ಬೆಳೆದವರು.

ಹಾಗಾಗಿ ಅಕ್ಕನ ಕೂಸಿನ ಕೆನ್ನೆಯ ಮೇಲೆ ಮೂರನೇ ತಿಂಗಳಲ್ಲಿ ಕೆಂಪು ಕಲೆ ಬಿದ್ದಾಗ ಯಾರಿಗೂ ಜಳಕದ ಮೇಲೆ ಅನುಮಾನ ಬರಲಿಲ್ಲ. ಅವ್ವ ದೃಷ್ಟಿ ತೆಗೆದಳು. ಪಕ್ಕದ ಮನೆಯವರು “ಬಾಣಂತಿ ಏನ್ ತಿಂದಾಳ ನೋಡ್ರಿ” ಅಂದರು. ಅಕ್ಕ ಬದನೆಕಾಯಿ ಬಿಟ್ಟಳು, ಶೇಂಗಾ ಬಿಟ್ಟಳು, ಕೊನೆಗೆ ಬಿಳಿ ಅನ್ನ, ರೊಟ್ಟಿ ಬಿಟ್ಟರೆ ಏನೂ ಉಳಿಯಲಿಲ್ಲ. ಕಲೆ ಮಾತ್ರ ಕೆನ್ನೆಯಿಂದ ಮೊಳಕೈಗೆ, ಮೊಣಕಾಲಿಗೆ ಇಳಿಯಿತು. ಚರ್ಮ ಒಣಗಿ ಸಿಪ್ಪೆ ಎದ್ದಿತು. “ಮೈಯಾಗಿನ ಹೊಲಸು ಹೊರಗ ಬರ್ಲತದ” ಅಂದ ಆಯಿ ದಿನಕ್ಕೆ ಒಂದು ಸಲ ಇದ್ದ ಜಳಕವನ್ನು ಎರಡು ಸಲ ಮಾಡಿದಳು.

ನಮ್ಮ ಕಾಕಾ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದ. ಗಜಕರ್ಣಕ್ಕೆ ಹಚ್ಚುವಂಥದ್ದು. ಹಚ್ಚಿದ ಎರಡೇ ದಿನಕ್ಕೆ ಕಲೆ ಮಾಯ! ಎಲ್ಲರಿಗೂ ಖುಷಿ. ಬಿಟ್ಟ ನಾಲ್ಕು ದಿನಕ್ಕೆ ಮೊದಲಿಗಿಂತ ಜಾಸ್ತಿಯಾಗಿ ಬಂತು. ಒಂದು ರಾತ್ರಿ ಕೂಸಿನ ದಿಂಬಿನ ಮೇಲೆ ರಕ್ತದ ಗೆರೆ ಕಂಡಿತು. ಅವತ್ತು ಅಕ್ಕ, “ಅವರ ಮನಿಯವರಿಗಿ ನಾ ಏನಂತ ಹೇಳ್ಲಿ? ತವರಮನ್ಯಾಗ ನೋಡ್ಕೊಂಡಿಲ್ಲ ಅಂತಾರ” ಅಂತ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನವೇ ನಾವು ಕಲಬುರಗಿಗೆ ಹೊರಟೆವು.

ಸಂದಿ ಬಿಟ್ಟ ಫರಸಿ

ಡಾಕ್ಟರ್ ಮೇಡಂ ಕೂಸಿನ ಮೈ ಎಲ್ಲ ನೋಡಿದರು. “ಇದು ಇಸಬು. ಅಟೋಪಿಕ್ ಡರ್ಮಟೈಟಿಸ್ ಅಂತೀವಿ. ಅಂಟುರೋಗ ಅಲ್ಲ, ತಾಯಿ ತಿಂದದ್ದರಿಂದ ಬಂದದ್ದೂ ಅಲ್ಲ” ಅಂದರು. ಅಕ್ಕ ಎರಡು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ಕೂತಳು.

ಆಮೇಲೆ ಅವರು ನೆಲ ತೋರಿಸಿದರು. “ನೀವು ಸಿಮೆಂಟ್ ಸೀಮೆಯವರು, ನಿಮಗೆ ಹೇಳೋದು ಸುಲಭ. ಚರ್ಮದ ಮೇಲಿನ ಪದರ ಅಂದ್ರ ಫರಸಿ ಹಾಸಿದ ನೆಲ ಇದ್ದಂಗ. ಜೀವಕೋಶಗಳು ಫರಸಿ, ನಡುವಿನ ಜಿಡ್ಡು ಸಿಮೆಂಟು. ಈ ಕೂಸಿಗೆ ಹುಟ್ಟಿನಿಂದಲೇ ಸಿಮೆಂಟ್ ಕಡಿಮೆ. ಸಂದಿ ಬಿಟ್ಟದ. ಒಳಗಿನ ನೀರು ಆರಿ ಹೋಗ್ತದ, ಹೊರಗಿನ ಧೂಳು, ಸಾಬೂನು ಒಳಗ ಹೋಗಿ ಕೆರಳಸ್ತದ. ನೀವು ದಿನಾ ಎರಡು ಸಲ ಬಿಸಿನೀರು, ಹಿಟ್ಟು, ಸಾಬೂನು ಹಾಕಿ ತಿಕ್ಕಿದ್ರ ಇದ್ದಷ್ಟು ಸಿಮೆಂಟೂ ಕಿತ್ತು ಹೋಗ್ತದ.”

ಕಾಕಾ ತಂದ ಟ್ಯೂಬ್ ನೋಡಿ ಅವರ ಮುಖ ಗಂಟಾಯಿತು. ಅದರಲ್ಲಿ ಕೂಸಿಗೆ ಹಚ್ಚಬಾರದಷ್ಟು ಬಲವಾದ ಸ್ಟೀರಾಯ್ಡ್ ಇತ್ತಂತೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿದೆ. ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಲ್ಲ. ಮೇಡಂ ಬರೆದು ಕೊಟ್ಟದ್ದರಲ್ಲೂ ಕಡಿಮೆ ಬಲದ ಒಂದು ಮುಲಾಮು ಇತ್ತು. ಎಲ್ಲಿ, ಎಷ್ಟು, ಎಷ್ಟು ದಿನ ಅಂತ ಬೆರಳು ಮಡಚಿ ಹೇಳಿದರು. ಯಾವುದು, ಎಷ್ಟು ಅಂತ ಡಾಕ್ಟರ್ ಹೇಳಬೇಕು, ಕಾಕಾ ಅಲ್ಲ.

ನನ್ನ ಸಿದ್ಧಾಂತ

ಈಗ ನನ್ನ ಸಿದ್ಧಾಂತಕ್ಕೆ ಬರುತ್ತೇನೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಈ ಸೀಮೆಯ ನೆಲದ ಕೆಳಗೆ ಇರುವುದು ಸುಣ್ಣದ ಕಲ್ಲು. ಅದಕ್ಕೇ ಇಲ್ಲಿ ಇಷ್ಟು ಸಿಮೆಂಟ್ ಕಾರ್ಖಾನೆಗಳು, ಅದಕ್ಕೇ ನಮ್ಮ ಮನೆಯ ನೆಲಕ್ಕೆಲ್ಲ ಶಹಾಬಾದ್ ಫರಸಿ. ನಮ್ಮೂರ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಅಂತ ಬ್ರಾಹ್ಮಿಯಲ್ಲಿ ಹೆಸರು ಬರೆದಿರುವ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅದನ್ನು ಕೆತ್ತಿದ್ದೂ ಸುಣ್ಣದ ಕಲ್ಲಿನಲ್ಲೇ. ಸುಮಾರು ಎರಡು ಸಾವಿರ ವರ್ಷ ಆ ಮುಖವನ್ನು ಕಾಪಾಡಿದ ಕಲ್ಲು, ನಮ್ಮ ಬೋರಿನ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಬರುತ್ತದೆ. ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಅದೇ. ಸಾಬೂನು ನೊರೆ ಬಾರದೆ ಕೆನೆಯ ಹಾಗೆ ಅಂಟುವುದೂ ಅದರಿಂದಲೇ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಗಸಿ ಆಗುತ್ತದೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸಾಬೂನು ಹಾಕುತ್ತೇವೆ, ಗಸಿ ಇನ್ನಷ್ಟು ಮೈಗೆ ಅಂಟುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಆದೀತು. ನಾನು ನಮ್ಮ ಬೋರಿನ ನೀರನ್ನು ಬಾಟಲಿಯಲ್ಲಿ ಕಾಲೇಜಿನ ಲ್ಯಾಬಿಗೆ ಒಯ್ದು ಟೈಟ್ರೇಷನ್ ಮಾಡಿದೆ. ಬ್ಯುರೆಟ್ ಇಳಿಯುತ್ತಲೇ ಹೋಯಿತು, ಕೆಂಪು ಬಣ್ಣ ನೀಲಿಯಾಗಲೇ ಒಲ್ಲದು. 200ನ್ನು ಅದು ಸಲೀಸಾಗಿ ದಾಟಿತ್ತು. ಕಳ್ಳ ಸಿಕ್ಕಿಬಿದ್ದ ಅಂತ ನನಗೆ ಖುಷಿಯೋ ಖುಷಿ. ಅವತ್ತಿನಿಂದ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರ್ ಕ್ಯಾನ್ ಹೊತ್ತು ತಂದು ಕೂಸಿಗೆ ಅದರಲ್ಲೇ ಜಳಕ ಮಾಡಿಸಬೇಕು ಅಂತ ಹಟ ಹಿಡಿದೆ. “ಕುಡಿಯೋ ನೀರ್ನಾಗ ಜಳಕ ಮಾಡಸ್ತಾನ, ಸಾಹುಕಾರ!” ಅಂತ ಅವ್ವ ಬೈದಳು. ಹತ್ತು ದಿನ ಮಾಡಿಸಿದರೂ ಇಸಬು ಅಲ್ಲಾಡಲಿಲ್ಲ. ಯಾಕೆಂದರೆ ಅದೇ ಸಾಬೂನು, ಅದೇ ಸುಡುನೀರು, ಅದೇ ತಿಕ್ಕಾಟ.

ಇದನ್ನು ಮೇಡಂಗೆ ಹೇಳಿದಾಗ ನಕ್ಕರು. ನನ್ನ ಅನುಮಾನ ಪೂರ್ತಿ ಹುಸಿ ಅಲ್ಲವಂತೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಶಾಲೆಯ ಮಕ್ಕಳನ್ನು ನೋಡಿ 1998ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಗಡಸು ನೀರಿನ ಪ್ರದೇಶದ ಸಣ್ಣ ಮಕ್ಕಳಲ್ಲಿ ಇಸಬು ಹೆಚ್ಚು ಕಂಡಿತ್ತು. ಆದರೆ ಮುಂದೆ ಅಲ್ಲಿಯ ಸಂಶೋಧಕರೇ ಇಸಬು ಇದ್ದ 336 ಮಕ್ಕಳನ್ನು ಆಯ್ದುಕೊಂಡು, ಅರ್ಧ ಮಕ್ಕಳ ಮನೆಗೆ ನೀರು ಮೆದು ಮಾಡುವ ಯಂತ್ರ ಕೂರಿಸಿ ಹನ್ನೆರಡು ವಾರ ನೋಡಿದರು. ಯಂತ್ರ ಇದ್ದ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಅದು 2011ರಲ್ಲಿ ಪ್ರಕಟವಾಯಿತು. “ನೀರು ಬದಲಿಸೋ ಖರ್ಚು ಬಿಡು. ಸಾಬೂನು ಬಿಟ್ಟರೆ ಗಸಿಯೂ ಇಲ್ಲ, ಸಂಕಟವೂ ಇಲ್ಲ” ಅಂದರು ಮೇಡಂ. ಇಪ್ಪತ್ತು ಲೀಟರಿನ ಕ್ಯಾನ್ ಹೊತ್ತು ನೋಯುತ್ತಿದ್ದ ನನ್ನ ಭುಜಕ್ಕೆ ಆ ಮಾತು ಬಹಳ ಹಿತವಾಗಿತ್ತು.

ಎಷ್ಟು ಸಲ ಅನ್ನೋದಕ್ಕಿಂತ…

ಕೊನೆಗೆ ಅಕ್ಕ ಕೇಳಿಯೇಬಿಟ್ಟಳು: “ಮೇಡಂ, ದಿನಾ ಎರಿಬೇಕೋ, ಬ್ಯಾಡೋ?”

ಉತ್ತರ ಒಂದು ಸಾಲಿನದು ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಮೊದಲ ವರ್ಷದಲ್ಲಿ ವಾರಕ್ಕೆ ಮೂರು ಸ್ನಾನ ಸಾಕಾಗಬಹುದು ಅನ್ನುತ್ತದೆ. ಅಕ್ಕ ಮೊಬೈಲಿನಲ್ಲಿ ಓದಿದ್ದು ಇದೇ. ಇಸಬು ಇರುವ ಮಕ್ಕಳಿಗೆ ದಿನಾ ಸ್ನಾನ ಮಾಡಿಸಿ, ಕೂಡಲೇ ಮುಲಾಮು ಹಚ್ಚಿ ಅನ್ನುವ ವೈದ್ಯರೂ ಬಹಳ. ಇಸಬು ಇರುವ ಮಕ್ಕಳು, ದೊಡ್ಡವರು ಇಬ್ಬರನ್ನೂ ಸೇರಿಸಿಕೊಂಡು ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ವಾರಕ್ಕೆ ಒಂದೆರಡು ಸಲ ಸ್ನಾನ ಮಾಡಿದವರಿಗೂ ಹೆಚ್ಚುಕಡಿಮೆ ದಿನಾ ಮಾಡಿದವರಿಗೂ ಇಸಬಿನಲ್ಲಿ ಫರಕು ಕಾಣಲಿಲ್ಲ. ಅಂದರೆ ನಮ್ಮನೆಯಲ್ಲಿ ಎರಡು ತಿಂಗಳು ಜಗಳವಾಡಿದ್ದು ಅಷ್ಟೇನೂ ದೊಡ್ಡದಲ್ಲದ ಪ್ರಶ್ನೆಗೆ! ಎಷ್ಟು ಸಲ ಅನ್ನುವುದಕ್ಕಿಂತ ಹೇಗೆ ಅನ್ನುವುದು ಮುಖ್ಯ.

ಮೇಡಂ ಹೇಳಿದ್ದನ್ನು ನಾನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡಿದ್ದೆ. ನೀರು ಉಗುರುಬೆಚ್ಚಗೆ ಇರಬೇಕು, ಬೆರಳಲ್ಲ, ಮೊಳಕೈ ಅದ್ದಿ ನೋಡಬೇಕು. ಕೆಲಸ ಮಾಡಿ ಗಟ್ಟಿಯಾದ ಕೈಗೆ ಬಿಸಿ ತಿಳಿಯುವುದಿಲ್ಲ. ಜಳಕ ಐದರಿಂದ ಹತ್ತು ನಿಮಿಷದ ಒಳಗೆ ಮುಗಿಯಬೇಕು. ಕಡ್ಲಿ ಹಿಟ್ಟು ಬೇಡ, ತಿಕ್ಕುವುದು ಬೇಡ. ಮಾಮೂಲಿ ಸಾಬೂನು ಕ್ಷಾರ, ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಎರಡಕ್ಕೂ ಕೂಡಿಬರುವುದಿಲ್ಲ. ಕತ್ತಿನ ಸಂದಿ, ಕುಂಡಿಯಂಥ ಹೊಲಸಾಗುವ ಜಾಗಕ್ಕೆ ಮಾತ್ರ ವಾಸನೆ ಇಲ್ಲದ ಸೌಮ್ಯ ಕ್ಲೆನ್ಸರ್ ಒಂದು ಚೂರು. ಒರೆಸುವಾಗ ಉಜ್ಜದೆ ಮೆತ್ತಗೆ ಒತ್ತಬೇಕು. ಮೈ ಇನ್ನೂ ತೇವ ಇರುವಾಗಲೇ, ಮೂರು ನಿಮಿಷದ ಒಳಗೆ, ಮುಲಾಮು ಹಚ್ಚಬೇಕು. ದುಬಾರಿ ಕ್ರೀಮೇ ಆಗಬೇಕೆಂದಿಲ್ಲ, ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿಯೂ ನಡೆಯುತ್ತದೆ. ಜಳಕ ಇಲ್ಲದ ದಿನವೂ ಎರಡು ಸಲ ಹಚ್ಚಬೇಕು. ಲೋಬಾನದ ಹೊಗೆ ಕೂಸಿನ ಉಸಿರಿಗೆ ಒಳ್ಳೆಯದಲ್ಲ. ಉಗುರು ಕತ್ತರಿಸಿ, ಹತ್ತಿ ಬಟ್ಟೆ ತೊಡಿಸಬೇಕು. ಗಾಯ ಸೋರಿದರೆ, ಹಳದಿ ಹೊಪ್ಪಳೆ ಕಟ್ಟಿದರೆ, ನೀರುಗುಳ್ಳೆ ಎದ್ದರೆ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಬರಬೇಕು.

ನಮ್ಮ ಹವೆಯ ಮಾತನ್ನೂ ಅವರು ಮರೆಯಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಬೆವರೂ ಇಸಬನ್ನು ಕೆರಳಿಸುತ್ತದೆ. ಆಗ ದಿನಾ ಒಂದು ಚಿಕ್ಕ ಜಳಕ ಒಳ್ಳೆಯದೇ. ಡಿಸೆಂಬರಿನ ಒಣ ಚಳಿಯಲ್ಲಿ ದಿನ ಬಿಟ್ಟು ದಿನ ಆದರೂ ಅಡ್ಡಿಯಿಲ್ಲ.

ಅಕ್ಕನ ಗಂಡ, ನಮ್ಮ ಮಾವ, ಪ್ರೀತಿಯಿಂದ ಆಲಿವ್ ಎಣ್ಣೆಯ ಬಾಟಲಿ ತಂದಿದ್ದ. ಅದು ಚರ್ಮದ ಸಂದಿಯನ್ನು ಇನ್ನಷ್ಟು ಸಡಿಲ ಮಾಡುತ್ತದೆ ಅಂತ ಸಂಶೋಧನೆ ಹೇಳುತ್ತದೆ, ಇಸಬಿನ ಮೈಗೆ ಬೇಡ ಅಂದರು. ಎಂಟುನೂರು ರೂಪಾಯಿಯ ಆ ಎಣ್ಣೆಯಲ್ಲಿ ಅವ್ವ ಈಗ ಒಗ್ಗರಣೆ ಹಾಕುತ್ತಿದ್ದಾಳೆ.

ಆಯಿ ಮತ್ತೆ ಬಚ್ಚಲಿಗೆ ಬಂದಳು

ಇಷ್ಟೆಲ್ಲ ಕಲಿತು ಬಂದು, ಮರುದಿನ ಬೆಳಗ್ಗೆ ಆಯಿಯ ಮುಂದೆ ಬಸ್ ಟಿಕೆಟ್ ಹಿಡಿದು ಓದತೊಡಗಿದೆ. ಹಿಟ್ಟು ಬ್ಯಾಡ, ಸಾಬೂನು ಬ್ಯಾಡ, ತಿಕ್ಕಬ್ಯಾಡ, ಹೊಗೆ ಬ್ಯಾಡ… ಆಗಲೇ ಅವಳು ಮೊದಲು ಹೇಳಿದ ಆ ಮಾತು ಹೇಳಿ ಎದ್ದು ಹೋಗಿದ್ದು.

ಮೂರು ದಿನ ನಾನೂ ಅಕ್ಕನೂ ಜಳಕ ಮಾಡಿಸಿದೆವು. ಅಕ್ಕನ ಕೈ ನಡುಗುತ್ತಿತ್ತು. ನಾನು ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ನೀರು ಹಾಕುತ್ತಿದ್ದೆ. ಎರಡನೇ ದಿನ ಒದ್ದೆ ಕೂಸು ಅಕ್ಕನ ಕೈಯಿಂದ ಜಾರಿತು. ನಾನು ಹಿಡಿದುಕೊಂಡೆ, ಏನೂ ಆಗಲಿಲ್ಲ. ಆದರೆ ಇಬ್ಬರ ಎದೆಯೂ ಬಹಳ ಹೊತ್ತು ಬಡಿದುಕೊಳ್ಳುತ್ತಿತ್ತು. ಆಯಿ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ನನಗೆ ಆಗ ಹೊಳೆಯಿತು. ನಾನು ಆಯಿಗೆ ಹೇಳಿದ್ದು ಬರೀ ‘ಬ್ಯಾಡ’ಗಳ ಪಟ್ಟಿ. ಓಣಿ ತುಂಬಾ ಮಕ್ಕಳನ್ನು ಬೆಳೆಸಿದ ಕೈಗೆ, ನಿನ್ನಿಂದಲೇ ಕೂಸಿಗೆ ಹೀಗಾಯಿತು ಅಂತ ಹೇಳಿದ ಹಾಗಾಗಿತ್ತು. ಯಾಕೆ ಅನ್ನುವುದನ್ನು ನಾನು ಹೇಳಿಯೇ ಇರಲಿಲ್ಲ. ಅವಳ ಪಕ್ಕ ಹೋಗಿ ಕೂತೆ. ನಡುಮನೆಯ ಮೂಲೆಯಲ್ಲಿ ನಮ್ಮ ಫರಸಿಯ ಸಂದಿ ಬಿಟ್ಟಿದೆ, ಅಲ್ಲಿಂದ ಇರುವೆ ಬರುತ್ತವೆ. ಅದನ್ನೇ ತೋರಿಸಿ ಮೇಡಂ ಹೇಳಿದ ಮಾತು ಹೇಳಿದೆ. “ಆಯಿ, ಎಲ್ಲಾ ಕೂಸಿನ ಮೈ ಹಿಂಗಿರಲ್ಲ. ನಮಗೆಲ್ಲ ನೀ ಎರದಿದ್ದು ತಪ್ಪಲ್ಲ. ಈ ಕೂಸಿನ ಫರಸಿ ಸಂದಿ ಬಿಟ್ಟದ, ಅಷ್ಟೇ.”

ಆಯಿ ಬಹಳ ಹೊತ್ತು ಆ ಮೂಲೆ ನೋಡಿದಳು. “ಹಂಗಂದ್ರ ತಿಕ್ಕಬಾರದು, ಸಂದಿ ತುಂಬಬೇಕು” ಅಂದಳು. ಮೇಡಂ ಅರ್ಧ ಗಂಟೆ ಹೇಳಿದ್ದನ್ನು ಆಯಿ ಒಂದೇ ಸಾಲಿನಲ್ಲಿ ಮುಗಿಸಿದ್ದಳು.

ನಾಲ್ಕನೇ ದಿನ ಬೆಳಗ್ಗೆ ಅವಳೇ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಳು. ಮೊಳಕೈ ಅದ್ದಿ ನೀರು ನೋಡಿ, “ಇದೇನು ನೀರೋ, ಮಜ್ಜಿಗೆಯೋ” ಅಂತ ಗೊಣಗಿದಳು. ಆದರೆ ಬಿಸಿನೀರು ಬೆರೆಸಲಿಲ್ಲ. ನಾನು ಟೈಮರ್ ಒತ್ತಲು ಹೋದೆ. “ಅದನ್ನ ತಗದ ಒಗಿ. ನನಗ ನನ್ನ ಲೆಕ್ಕ ಅದ” ಅಂದವಳು ಒಂದು ಪದ ಶುರು ಮಾಡಿದಳು. ಹೊಲದಲ್ಲಿ ಕಳೆ ತೆಗೆಯುವಾಗ ಹಾಡುವ ಪದ. ಅದು ಮುಗಿದ ಮೇಲೆ ಇನ್ನೊಂದು. ಎರಡನೇ ಪದದ ಕೊನೆಗೆ ಕೂಸು ಟವೆಲಿನಲ್ಲಿತ್ತು. ಕಿಸೆಯೊಳಗಿನ ಮೊಬೈಲ್ ತೆಗೆದು ನೋಡಿದೆ. ಏಳು ನಿಮಿಷ. ಆಮೇಲೆ ಆಯಿ ಜೆಲ್ಲಿಯ ಡಬ್ಬಿಗೆ ಬೆರಳು ಹಾಕಿ, ಕೂಸಿನ ಮೈಗೆ ಹಚ್ಚತೊಡಗಿದಳು. ಎಣ್ಣೆ ಹಚ್ಚುವಾಗಿನ ಅದೇ ಕೈ. ಕೂಸು ಕಣ್ಣು ಮುಚ್ಚಿತು.

ಇಸಬು ಪೂರ್ತಿ ಹೋಗಿದೆಯಾ? ಇಲ್ಲ. ಧೂಳು ಎದ್ದ ದಿನ, ಸೆಕೆ ಜಾಸ್ತಿಯಾದ ದಿನ ಮತ್ತೆ ಕೆನ್ನೆ ಕೆಂಪಾಗುತ್ತದೆ. ಬಹಳ ಮಕ್ಕಳಿಗೆ ಬೆಳೆಯುತ್ತಾ ಕಡಿಮೆಯಾಗುತ್ತದೆ ಅಂತ ಮೇಡಂ ಹೇಳಿದ್ದಾರೆ, ಕಾಯುತ್ತಿದ್ದೇವೆ. ಆದರೆ ದಿಂಬಿನ ಮೇಲೆ ರಕ್ತ ಕಂಡು ಎರಡು ತಿಂಗಳಾಯಿತು. ಅಕ್ಕ ಶೇಂಗಾ ಚಟ್ನಿ ತಿನ್ನುತ್ತಿದ್ದಾಳೆ. ರಾತ್ರಿ ಎಲ್ಲರೂ ನಿದ್ದೆ ಮಾಡುತ್ತಿದ್ದೇವೆ.

ಮೊನ್ನೆ ಹಿಂದಿನ ಓಣಿಯಲ್ಲಿ ಒಬ್ಬರಿಗೆ ಹೆರಿಗೆಯಾಯಿತು. ಕೂಸನ್ನು ಮನೆಗೆ ತಂದ ದಿನವೇ ನೀರು ಎರೆಯಲು ಆಯಿಗೆ ಕರೆ ಬಂತು. ಹುಟ್ಟಿದ ಕೂಸಿಗೆ 24 ಗಂಟೆಯಾದರೂ ಸ್ನಾನ ಬೇಡ, ಮೈ ತಣ್ಣಗಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಆಯಿಗೆ ಹೇಗೆ ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳೇ ಕರೆಯಲು ಬಂದ ಹುಡುಗನನ್ನು ಕೇಳಿದಳು: “ಕೂಸು ಹುಟ್ಟಿ ಎಷ್ಟ ದಿನಾ ಆತು? ಮೈ ಹ್ಯಾಂಗದ, ಒಣಗ್ಯಾದೇನು? ಮೊದಲ ನಾ ಬಂದು ನೋಡ್ತೀನಿ. ನೋಡಿದ ಮ್ಯಾಲ ನೀರಿನ ಮಾತು.”